ಮೆಶ್ ಸಣ್ಣ ಮಾಡಿದರೆ ಸಾಕೇ? ಒಂದು ಸ್ಪಷ್ಟನೆ

ಗಾಜಿನಂಥ ವಸ್ತುವಿನಲ್ಲಿ ಬಿರುಕು ಬೆಳೆಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗ, ಮೆಶ್ (ವಸ್ತುವನ್ನು ಎಲಿಮೆಂಟ್ ಎಂಬ ಪುಟ್ಟ ತುಂಡುಗಳಾಗಿ ಹಂಚುವ ಜಾಲ) ಸಣ್ಣದಾದಷ್ಟೂ ಉತ್ತರ ಸರಿ ಬರುತ್ತದೆ ಎಂಬ ಮಾತು ಓಡಾಡುತ್ತಿದೆ. ಅರ್ಧ ಮಾತ್ರ ನಿಜ. ಸ್ಟ್ರೆಸ್ (ವಸ್ತುವಿನೊಳಗೆ ಒಂದು ಚದರಳತೆಯ ಮೇಲೆ ಬೀಳುವ ಬಲ) ಒಂದನ್ನೇ ನಂಬಿದರೆ ಎಡವಟ್ಟು, ಯಾಕೆಂದರೆ ಎಳೆದಷ್ಟಕ್ಕೆ ತಕ್ಕಂತೆ ವಸ್ತು ಹಿಗ್ಗುತ್ತದೆ ಎಂದು ಹಿಡಿಯುವ ಲೀನಿಯರ್ ಲೆಕ್ಕದಲ್ಲಿ ಬಿರುಕಿನ ತುದಿಯ ಸ್ಟ್ರೆಸ್‌ಗೆ ಮಿತಿಯೇ ಇಲ್ಲ. ತುದಿಯ ಎಲಿಮೆಂಟಿನ ಉದ್ದವನ್ನು ಕಾಲು ಭಾಗಕ್ಕೆ ಇಳಿಸಿದರೆ ಅಲ್ಲಿನ ಸ್ಟ್ರೆಸ್ ಸುಮಾರು ಎರಡು ಪಟ್ಟಾಗುತ್ತದೆ, ಇನ್ನೂ ಇಳಿಸಿದರೆ ಇನ್ನೂ ಏರುತ್ತದೆ. ಹಾಗಾದರೆ ಬೆರಳು ತಾಗಿದರೂ ಗಾಜು ಒಡೆಯಬೇಕಿತ್ತು, ಅಲ್ವಾ? ನೋಡಬೇಕಾದ್ದು ಶಕ್ತಿಯನ್ನು ಎಂದು ಎಂಜಿನಿಯರ್ ಗ್ರಿಫಿತ್ 1921ರಲ್ಲೇ ತೋರಿಸಿದ್ದರು: ಬಿರುಕು ಮುಂದೆ ಹೋದಾಗ ಬಿಡುಗಡೆಯಾಗುವ ಶಕ್ತಿ, ಹೊಸ ಮೇಲ್ಮೈ ಹುಟ್ಟಲು ಸಾಲುತ್ತದೆಯೇ? ಬಿರುಕನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಫೇಸ್-ಫೀಲ್ಡ್ ಎಂಬ ವಿಧಾನ ನಿಂತಿರುವುದೂ ಇದರ ಮೇಲೆಯೇ. ಅಲ್ಲಿ ಬಿರುಕು ಗೆರೆಯಲ್ಲ, ಮಸುಕಾದ ಪಟ್ಟಿ. ಆ ಪಟ್ಟಿಯ ಅಗಲದೊಳಗೆ ಒಂದಷ್ಟು ಎಲಿಮೆಂಟ್ ಕೂರಬೇಕು. ಅದಾದ ಮೇಲೂ ಸುಮ್ನೆ ಸಣ್ಣ ಮಾಡುತ್ತಾ ಹೋದರೆ ಜಾಸ್ತಿ ಆಗುವುದು ಕಾಯುವ ಹೊತ್ತು.