ನಾಲ್ಕು ಜೋಡಿ ಎತ್ತು, ಐದು ಪಾಲಿಕೆ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಮತ್ತೆ ಗುಂಡಿ ಅಂದರೆ ನಿಮಗದು ಸುದ್ದಿ ಅನ್ನಿಸುವುದಿಲ್ಲ, ಗೊತ್ತು. ನನಗೂ ಅನ್ನಿಸುತ್ತಿರಲಿಲ್ಲ. ಆದರೆ 'ಪೇಟೆಗಳನ್ನು ಬೆಸೆಯುವ ಪಾರಂಪರಿಕ ರಸ್ತೆ' ಎಂದು ಯಾರಾದರೂ ಮೈಕ್ ಹಿಡಿದು ಹೇಳಿದಾಗೆಲ್ಲ ಮೈ ಉರಿಯುತ್ತದೆ.

ಬೆಸೆಯುವುದೇನೋ ನಿಜ. ಈ ತುದಿಗೆ ಮೈಸೂರು ಬ್ಯಾಂಕ್ ಸರ್ಕಲ್, ಆ ತುದಿಗೆ ಕೆ.ಆರ್. ಮಾರ್ಕೆಟ್. ಅಂದಹಾಗೆ, ಆ ಬ್ಯಾಂಕ್ 2017ರಲ್ಲೇ ಸ್ಟೇಟ್ ಬ್ಯಾಂಕಿನಲ್ಲಿ ಕರಗಿಹೋಯಿತು. ಸರ್ಕಲ್ ಕರಗಲಿಲ್ಲ. ಕಂಡಕ್ಟರು ಕೂಗುವ ಹೆಸರನ್ನು ಮಾತ್ರ ಈ ಊರಿನಲ್ಲಿ ಯಾರಿಂದಲೂ ಅಗೆಯಲು ಆಗಿಲ್ಲ ನೋಡಿ.

ಇದು ಹಳೇ ದೊಡ್ಡಪೇಟೆ. 1537ರ ಸುಮಾರಿಗೆ ಕೆಂಪೇಗೌಡರು ದೊಡ್ಡಪೇಟೆ, ಚಿಕ್ಕಪೇಟೆ ಕೂಡುವಲ್ಲಿ ನಾಲ್ಕು ಜೋಡಿ ಎತ್ತು ಕಟ್ಟಿಸಿ, ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿದರಂತೆ. ಆ ಗೆರೆಗಳೇ ರಸ್ತೆಯಾದವಂತೆ. ಡಿಪಿಆರ್ ಅನ್ನುವ ಯೋಜನಾ ವರದಿ ಇಲ್ಲ, ಟೆಂಡರ್ ಇಲ್ಲ, ಒಬ್ಬ ಕನ್ಸಲ್ಟೆಂಟೂ ಇಲ್ಲ. ಎಂಥ ಬೇಜವಾಬ್ದಾರಿ ಆಡಳಿತ! ಈಗಾಗಿದ್ದರೆ ಮೊದಲು ಸಿಂಗಾಪುರಕ್ಕೆ ಅಧ್ಯಯನ ಪ್ರವಾಸ. ಎತ್ತಿಗಲ್ಲ, ಅಧಿಕಾರಿಗಳಿಗೆ. ವಾಪಸ್ ಬಂದು ನೋಡಿದರೆ ನಾಲ್ಕರಲ್ಲಿ ಒಂದು ಜೋಡಿ ಬರೀ ಲೆಕ್ಕದ ಪುಸ್ತಕದಲ್ಲಿ. ಹಲಸೂರು ಬಾಗಿಲ ಕಡೆ ಹೊರಟ ಜೋಡಿಗೆ ಒನ್‌ವೇ ಫೈನು. ಯಲಹಂಕ ಬಾಗಿಲ ಕಡೆ ಹೋದದ್ದು ಮುಚ್ಚಳವಿಲ್ಲದ ಚೇಂಬರಿನಲ್ಲಿ. ಸಾಲದ್ದಕ್ಕೆ ಊರನ್ನು ಹಂಚಿ ಈಗ ಪಾಲಿಕೆ ಐದು. ಎತ್ತು ಯಾವ ಪಾಲಿಕೆಯದು, ನೇಗಿಲು ಯಾವುದರದು ಅಂತ ತೀರ್ಮಾನ ಆಗುವಷ್ಟರಲ್ಲಿ ಎತ್ತಿಗೇ ವಯಸ್ಸಾಗಿರುತ್ತದೆ.

ಹಾಗಂತ ಉಳುಮೆ ನಿಂತಿದೆಯೇ? ಛೆ, ಎಲ್ಲಾದರೂ ಉಂಟೇ! ನೀರಿನವರು ಉಳುತ್ತಾರೆ. ಅವರು ಮಣ್ಣು ಮುಚ್ಚಿದ ಮೇಲೆ ಕರೆಂಟಿನವರು ಉಳುತ್ತಾರೆ. ಟಾರು ಆರುವ ಮೊದಲೇ ಕೇಬಲ್‌ನವರು ಹಾಜರು. 'ಸ್ಮಾರ್ಟ್ ಸಿಟಿ' ಹೆಸರಲ್ಲಿ ಉತ್ತದ್ದನ್ನು ಅಂಗಡಿಯವರ ಹತ್ತಿರ ಸುಮ್ನೆ ಒಮ್ಮೆ ಕೇಳಿ ನೋಡಿ. ಟೀ ತರಿಸಿಕೊಂಡೇ ಕೂತುಕೊಳ್ಳಿ, ಬೇಗ ಮುಗಿಯುವುದಿಲ್ಲ.

ಗುಂಡಿ ದಾಟಲು ಅಡ್ಡಲಾಗಿ ಒಂದು ಪ್ಲೈವುಡ್ ಹಲಗೆ. ಹಾಕಿದ್ದು ಸರ್ಕಾರವಲ್ಲ, ಅಂಗಡಿಯವರೇ. ತಲೆ ಮೇಲೆ ಬಟ್ಟೆಯ ಮೂಟೆ ಹೊತ್ತ ಹಮಾಲಿ ಅದರ ಮೇಲೆ ಬರುತ್ತಾನೆ. ತಲೆ ಬಗ್ಗಿಸಿ ನೋಡುವಂತಿಲ್ಲ. ಪಾದದಲ್ಲೇ ಹಲಗೆಯ ಅಂಚು ತಡವಿ, ಆಮೇಲೆ ಭಾರ ಬಿಡುತ್ತಾನೆ. ಹಲಗೆ ನಡುವೆ ಬಾಗುತ್ತದೆ. ಹಿಂದಿನಿಂದ ಸ್ಕೂಟರಿನವನ ಹಾರ್ನು.

ತಮಾಷೆ ಸಾಕು. ಆ ಹಲಗೆಯನ್ನು ಕನೆಕ್ಟಿವಿಟಿ ಅನ್ನುವವರಿಗೆ ನಾಚಿಕೆಯಾಗಬೇಕು. ಇಡೀ ರಸ್ತೆ ಎರಡು ಕಿಲೋಮೀಟರೂ ಇಲ್ಲ. ಅದರಡಿ ಯಾರ್‍ಯಾರ ಪೈಪು, ಯಾರ್‍ಯಾರ ವೈರು ಅಂತ ಎಲ್ಲರೂ ಒಂದು ದಿನ ಕೂತು ಮಾತಾಡಿ, ಒಂದೇ ಸಲ ಅಗೆದು, ಸರಿಯಾಗಿ ಮುಚ್ಚಲು ಏನು ರೋಗ? ಮಾತಾಡುವುದಿಲ್ಲ. ಒಂದೇ ಸಲ ಅಗೆದರೆ ಬಿಲ್ಲೂ ಒಂದೇ ಸಲ, ಅಲ್ವಾ?