ಮಾವನವರ ಕಂಪ್ಯೂಟರಿಗೆ ಯಾವುದು ಹಾಕಿಸೋದು?

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಕೂತಿತು. ಅಲ್ಲಿಂದ ಲೆಕ್ಕ ಹಿಡಿದರೂ ನಲವತ್ತು ವರ್ಷದಿಂದ ನಮ್ಮೂರು ಜಗತ್ತಿಗೆಲ್ಲ ಸಾಫ್ಟ್‌ವೇರ್ ಬರೆದುಕೊಡುತ್ತಿದೆ. ಮನೆಗೆ ಬಂದು ಪ್ರಿಂಟರ್ ಸರಿ ಮಾಡಿಕೊಡುವ ಒಬ್ಬ ನೆಂಟ ಮಾತ್ರ ಇನ್ನೂ ತಯಾರಾಗಿಲ್ಲ. ನಮ್ಮ ಬಳಗದ ಮದುವೆ ಮುಂಜಿಗಳಲ್ಲಿ ಪಂಕ್ತಿಗೆ ಕೂತವರಲ್ಲಿ ಅರ್ಧಕ್ಕರ್ಧ ಇಂಜಿನಿಯರುಗಳೇ. ಒಬ್ಬ ಕ್ಲೌಡ್ ಅನ್ನುತ್ತಾನೆ, ಒಬ್ಬಳು ಡೇಟಾ ಅನ್ನುತ್ತಾಳೆ, ಇನ್ನೊಬ್ಬ ಏನು ಮಾಡುತ್ತಾನೆಂದು ಅವನ ಹೆಂಡತಿಗೂ ಸರಿಯಾಗಿ ತಿಳಿಯದು. ಹೋಳಿಗೆ ಬಡಿಸುತ್ತಾ ಮೆಲ್ಲಗೆ "ನಮ್ಮನೆ ಪ್ರಿಂಟರ್ರು..." ಎಂದು ಶುರು ಮಾಡಿದರೆ ಸಾಕು, "ಅದು ಹಾರ್ಡ್‌ವೇರ್ ಸೈಡು ಚಿಕ್ಕಮ್ಮಾ" ಎಂದು ಎಲೆ ಮಡಿಸಿ ಏಳುತ್ತಾರೆ.

ಆದ್ದರಿಂದ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಗಳಲ್ಲಿ ವಿಂಡೋಸ್ ಒಳ್ಳೆಯದೋ, ಮ್ಯಾಕ್ ಒಳ್ಳೆಯದೋ, ಲಿನಕ್ಸ್ ಒಳ್ಳೆಯದೋ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಕೆಟ್ಟುಹೋದರೆ ನಿಮ್ಮ ಮನೆಗೆ ಬರುವವರು ಯಾರು? ಅವರಿಗೆ ಯಾವುದು ಗೊತ್ತೋ ಅದೇ ಶ್ರೇಷ್ಠ. ಮಿಕ್ಕಿದ್ದೆಲ್ಲ ಗಾತ್ರ, ಬಣ್ಣ, ಜಂಬ.

ಹನುಮಂತನಗರದ ನಮ್ಮ ಮನೆಯಲ್ಲಿ ಮೂರೂ ಪಕ್ಷದವರಿದ್ದಾರೆ. ಇವರು ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವವರು. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶವಿಲ್ಲದೆ ಇವರಿಗೆ ಬೆಳಗಾಗುವುದಿಲ್ಲ. ಟ್ಯಾಲಿ ಬೆಂಗಳೂರಿನದೇ ಕೂಸಾದರೂ ಅದು ಸಂಸಾರ ಹೂಡಿರುವುದು ವಿಂಡೋಸ್ ಜೊತೆ, ಹಾಗಾಗಿ ಇವರೂ ಅಲ್ಲೇ. ಸರ್ಜಾಪುರ ರಸ್ತೆಯಲ್ಲಿರುವ ನಾದಿನಿ ಡಿಸೈನರ್, ಅವಳದು ಮ್ಯಾಕ್. ಇಂಜಿನಿಯರಿಂಗ್ ಕೊನೆಯ ವರ್ಷದ ಮಗರಾಯ ಲಿನಕ್ಸ್‌ನವನು. ಊಟಕ್ಕೆ ಕರೆದರೂ "ಅಮ್ಮಾ, ಕರ್ನಲ್ ಅಪ್‌ಡೇಟ್ ಆಗ್ತಿದೆ" ಅನ್ನುವಷ್ಟು. ನಾನು ಕರಡು ತಿದ್ದುವವಳು. ಯಾವ ಕುರ್ಚಿ ಖಾಲಿ ಇದೆಯೋ ಅಲ್ಲಿ ಕೂತು ಕೆಲಸ ಮುಗಿಸುವುದು ನನ್ನ ಪದ್ಧತಿ. ಇದರಿಂದ ಜ್ಞಾನವೇನೂ ಹೆಚ್ಚಿಲ್ಲ, ಹೆಬ್ಬೆರಳು ಕೆಟ್ಟಿದೆ. ಎರಡು ದಿನ ಮ್ಯಾಕ್‌ನಲ್ಲಿ ಕೂತು ಬಂದರೆ ಕಾಪಿ ಮಾಡಲು ಹೆಬ್ಬೆರಳು ಸ್ಪೇಸ್‌ಬಾರ್ ಪಕ್ಕದ ಕೀಲಿಗೇ ಓಡುತ್ತದೆ. ಅಲ್ಲಿ ಕಮಾಂಡ್ ಇದ್ದದ್ದು ಇಲ್ಲಿ ಆಲ್ಟ್ ಆಗಿರುತ್ತದೆ, ಏನೂ ಕಾಪಿ ಆಗಿರುವುದಿಲ್ಲ. ಪೇಸ್ಟ್ ಮಾಡಿದರೆ ಹಿಂದಿನ ವಾರದ ಯಾವುದೋ ಶ್ರದ್ಧಾಂಜಲಿ ಬಂದು ಕೂರುತ್ತದೆ.

ಇವರೆಲ್ಲರ ಮಧ್ಯೆ ಮಾವನವರು. ಎಂಬತ್ತರ ಹತ್ತಿರದವರು, ಸರ್ಕಾರಿ ಕಚೇರಿಯಲ್ಲಿದ್ದು ನಿವೃತ್ತರಾದವರು. ಕನ್ನಡ ಬರೆಯುವ ನುಡಿ ತಂತ್ರಾಂಶದಲ್ಲಿ ಅವರು ಟೈಪು ಮಾಡುವ ವೇಗ ನೋಡಬೇಕು. ಎಫ್ ಒತ್ತಿ ಒತ್ತಕ್ಷರ ಕೂಡಿಸುವಾಗ ಕೀಲಿಮಣೆಯಿಂದ ತಬಲದ ಸದ್ದು ಬರುತ್ತದೆ. ಕೆಲಸ ಒಂದೇ: ಪತ್ರಿಕೆಗಳ ವಾಚಕರ ವಿಭಾಗಕ್ಕೆ ಪತ್ರ ಬರೆಯುವುದು. ಅವರ ಪ್ರೀತಿಯ ವ್ಯವಸ್ಥೆ ವಿಂಡೋಸ್ ಎಕ್ಸ್‌ಪಿ. 2001ರಲ್ಲಿ ಬಂದ ಅದಕ್ಕೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲಿ ಅಪ್‌ಡೇಟ್ ನಿಲ್ಲಿಸಿ ಮಂಗಳ ಹಾಡಿತು, ಮಾವನವರು ಹಾಡಲಿಲ್ಲ. 2012ರಲ್ಲಿ ವಿಂಡೋಸ್ 8 ಬಂದು ಸ್ಟಾರ್ಟ್ ಗುಂಡಿಯನ್ನೇ ತೆಗೆದು, ಜನ ಗೊಣಗಿದ ಮೇಲೆ ಮರುವರ್ಷ 8.1ರಲ್ಲಿ ಮತ್ತೆ ಇಟ್ಟ ಕಥೆಯೂ ಅವರಿಗೆ ಗೊತ್ತಿಲ್ಲ. ಆ ಗಲಾಟೆಯ ಕಾಲದಲ್ಲಿ ಅವರು ಎಕ್ಸ್‌ಪಿಯ ಪರದೆಯ ಮೇಲಿನ ಹಸಿರು ಗುಡ್ಡದ ಕೆಳಗೆ ಸುಖವಾಗಿದ್ದರು.

ಆ ಗುಡ್ಡ ಕುದುರೆಮುಖದ್ದು ಎಂಬುದು ಅವರ ಖಚಿತ ಅಭಿಪ್ರಾಯ. ಬಂದವರಿಗೆಲ್ಲ ತೋರಿಸುತ್ತಿದ್ದರು. ಒಮ್ಮೆ ನಾದಿನಿ ತಡೆಯಲಾರದೆ, "ಅಪ್ಪಾ, ಅದು ಅಮೆರಿಕದ್ದು. ಚಾರ್ಲ್ಸ್ ಓರಿಯರ್ ಅನ್ನೋರು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ತೆಗೆದ ಫೋಟೋ" ಅಂದಳು. ಮಾವನವರು ಕನ್ನಡಕ ಸರಿಮಾಡಿಕೊಂಡು, "ತೆಗೆದೋನು ಹಾಗೆ ಹೇಳಿರ್ತಾನಮ್ಮ. ನಾನು ಅಲ್ಲಿ ಎರಡು ವರ್ಷ ಡ್ಯೂಟಿ ಮಾಡಿದೀನಿ" ಎಂದು ಮುಗಿಸಿದರು. ಇದರಲ್ಲಿ ನನಗೆ ಖುಷಿ ಕೊಟ್ಟಿದ್ದು ಬೇರೆ. ಆಪಲ್‌ನವರು 2013ರಿಂದ ತಮ್ಮ ಮ್ಯಾಕ್ ವ್ಯವಸ್ಥೆಗಳಿಗೆ ಕ್ಯಾಲಿಫೋರ್ನಿಯಾದ ಜಾಗಗಳ ಹೆಸರಿಡುತ್ತಾರಲ್ಲ, 2023ರದ್ದಕ್ಕೆ ಇಟ್ಟ ಹೆಸರು ಸೊನೋಮಾ. ಅಂದರೆ ವಿಂಡೋಸ್‌ನ ಗುಡ್ಡ ಮ್ಯಾಕ್‌ನ ಊರಲ್ಲಿದೆ. ನಾದಿನಿಗೆ ಹೇಳಿದೆ, ಅವಳಿಗೆ ಅಷ್ಟು ಇಷ್ಟವಾಗಲಿಲ್ಲ.

ಎಕ್ಸ್‌ಪಿಯ ಪೆಟ್ಟಿಗೆ ಸುಟ್ಟುಹೋದ ಮೇಲೆ ಬಂದದ್ದು ವಿಂಡೋಸ್ 10. ಅದಕ್ಕೂ ಗಡುವು ಬಂತು, 2025ರ ಅಕ್ಟೋಬರ್ 14. ದೀಪಾವಳಿಗೆ ಇನ್ನೊಂದು ವಾರ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಆಮೇಲಿನದ್ದು ಬೇಕು. ಮಾವನವರದ್ದು ಆರನೆಯದು. ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟ್‌ಗೆ ಹೆಸರು ನೋಂದಾಯಿಸುವ ಏರ್ಪಾಡೂ ಇತ್ತು. ಇವರು ಅದನ್ನು ವಿವರಿಸಿದರು. ಮಾವನವರು ಪೂರ್ತಿ ಕೇಳಿ, "ನಾನು ಬದುಕಿದೀನಿ ಅಂತ ಪಿಂಚಣಿಗೆ ವರ್ಷಾವರ್ಷ ಬರೆದುಕೊಡ್ತೀನಿ. ಈಗ ಕಂಪ್ಯೂಟರ್ ಬದುಕಿದೆ ಅಂತಲೂ ಬರೆದುಕೊಡಬೇಕೇನಯ್ಯ?" ಅಂದರು.

ಹಬ್ಬಕ್ಕೆ ಎಲ್ಲರೂ ಸೇರಿದಾಗ ಸಭೆ ನಡೆಯಿತು. ನಾದಿನಿಯದು ನೇರ ಪರಿಹಾರ. "ಅತ್ತಿಗೆ, ಮ್ಯಾಕ್ ಮಿನಿ ತರಿಸಿಬಿಡಿ, 59,900ಕ್ಕೆ ಶುರು. ಅಂಗೈ ಅಗಲ ಅಷ್ಟೇ ಜಾಗ." ಮಾವನವರು ಫೋನಿನಲ್ಲಿ ಚಿತ್ರ ನೋಡಿದರು. ಪರದೆ ಬೇರೆ ಕೊಳ್ಳಬೇಕು, ಕೀಲಿಮಣೆ ಬೇರೆ, ಮೌಸೂ ಬೇರೆ ಎಂದು ತಿಳಿದ ಮೇಲೆ, "ಹಾಗಾದ್ರೆ ಇದರಲ್ಲಿ ಇರೋದೇನಮ್ಮಾ?" ಎಂದು ಕೇಳಿದರು. ಆನ್ ಮಾಡುವ ಗುಂಡಿ ಪೆಟ್ಟಿಗೆಯ ಅಡಿಯಲ್ಲಿದೆ ಎಂದು ಮಗರಾಯ ಸೇರಿಸಿದ. ಅದನ್ನು ಹೇಳಬೇಕಾದ ಅಗತ್ಯವಿರಲಿಲ್ಲ, ಆದರೆ ಚುನಾವಣೆ ಅಂದರೆ ಹಾಗೇ.

ಮ್ಯಾಕ್ ಪಕ್ಷಕ್ಕೆ ಠೇವಣಿಯೂ ಹೋದದ್ದು ಅದೇ ಸಂಜೆ. ಇವರ ಲ್ಯಾಪ್‌ಟಾಪಿನ ಚಾರ್ಜರ್ ಆಫೀಸಿನಲ್ಲೇ ಉಳಿದಿತ್ತು. ನಮ್ಮ ಅತ್ತಿಗೆಯ ಮಗಳ ಮದುವೆಯ ಖರ್ಚು ಬರೆಯುವುದು ಬಾಕಿ ಇತ್ತು. ಫೈಲನ್ನು ತಂಗಿಯ ಮ್ಯಾಕ್‌ಗೆ ಹಾಕಿಸಿಕೊಂಡು ಕೂತರು. ಲೆಕ್ಕದವರು ಪರದೆ ನೋಡುವುದಿಲ್ಲ, ರಸೀದಿ ನೋಡುತ್ತಾರೆ. ಫೈಲಿನ ಮೇಲೆ ನಿಂತು ಎಂಟರ್ ಒತ್ತಿದರು, ತೆರೆಯಿತು ಅಂದುಕೊಂಡರು. ಮ್ಯಾಕ್‌ನಲ್ಲಿ ಎಂಟರ್ ಒತ್ತಿದರೆ ಫೈಲು ತೆರೆಯುವುದಿಲ್ಲ, ಹೆಸರು ಬದಲಾಯಿಸಲು ತಯಾರಾಗಿ ನಿಲ್ಲುತ್ತದೆ. ತೆರೆಯಲು ಕಮಾಂಡ್ ಹಿಡಿದು ಓ ಒತ್ತಬೇಕು. ಇವರು ಹೂವಿನವನಿಗೆ 4500, ಎಂಟರ್. ಓಲಗದವರ ಆಟೋಗೆ 1200, ಎಂಟರ್. ಎಳನೀರಿಗೆ 800, ಎಂಟರ್. ತಲೆಯೆತ್ತಿ ನೋಡಿದರೆ 'ಮದುವೆ ಖರ್ಚು' ಎಂಬ ಫೈಲೇ ಇಲ್ಲ. ಅದರ ಬದಲು '800' ಎಂಬ ಫೈಲು ಕೂತಿದೆ. ಛತ್ರ, ಅಡುಗೆಯವರು, ಸೀರೆಗಳು, ಎಲ್ಲ ಸೇರಿ ಇಡೀ ಮದುವೆ ಎಂಟುನೂರು ರೂಪಾಯಿಗೆ ಮುಗಿದಿತ್ತು. "ಇದೇ ನಿಜವಾಗಿದ್ರೆ ಚೆನ್ನಾಗಿತ್ತು" ಅಂದರು ಇವರ ಅಕ್ಕ.

ಅಷ್ಟಕ್ಕೇ ನಿಲ್ಲಲಿಲ್ಲ. ಮದುವೆಯ ಫೋಟೋಗಳು ಇವರ ಹಾರ್ಡ್ ಡಿಸ್ಕಿನಲ್ಲಿದ್ದವು. ನಾದಿನಿ ತನ್ನಲ್ಲಿದ್ದ ಫೋಟೋಗಳನ್ನೂ ಅದಕ್ಕೇ ಸೇರಿಸಿಕೊಡುತ್ತೇನೆಂದು ಮ್ಯಾಕ್‌ಗೆ ಚುಚ್ಚಿದಳು. ವಿಂಡೋಸ್‌ನವರ ಎನ್‌ಟಿಎಫ್‌ಎಸ್ ರೀತಿಯಲ್ಲಿ ಅಣಿಯಾದ ಡಿಸ್ಕನ್ನು ಮ್ಯಾಕ್ ಓದುತ್ತದೆ, ಬೇರೆ ತಂತ್ರಾಂಶದ ನೆರವಿಲ್ಲದೆ ಅದಕ್ಕೆ ಬರೆಯುವುದಿಲ್ಲ. ಕಣ್ಣಿಗೆ ಕಾಣುತ್ತದೆ, ಒಳಗೆ ಏನೂ ಇಡಲಾಗುವುದಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆಗೆ ಮಾತ್ರ ಇದು ತಕ್ಷಣ ಅರ್ಥವಾಯಿತು. "ಮಡಿಯಲ್ಲಿದೆ ಅನ್ನು" ಅಂದರು.

ಮಾರನೇ ದಿನ ಇವರು ಮಾವನವರನ್ನು ಎಸ್‌ಪಿ ರೋಡಿಗೆ ಕರೆದುಕೊಂಡು ಹೋದರು. ಹಬ್ಬದ ಜನ, ಅಂಗಡಿಯಿಂದ ಅಂಗಡಿಗೆ ತಲೆಯ ಮೇಲೆ ಮಾನಿಟರ್ ಹೊತ್ತು ಓಡುವ ಹುಡುಗರು. ಒಂದು ಅಂಗಡಿಯವನು ಹಳೆಯ ಪೆಟ್ಟಿಗೆಯೊಂದನ್ನು ಒರೆಸಿ ಮುಂದಿಟ್ಟು, "ವಿಂಡೋಸ್ ಒರಿಜಿನಲ್ ಬೇಕಾ ಸಾರ್, ನಾರ್ಮಲ್ ಬೇಕಾ?" ಎಂದು ಕೇಳಿದನಂತೆ. ಜೀವಮಾನವಿಡೀ ಕಡತಕ್ಕೆ ಅಸಲು ಪ್ರತಿ ಕೇಳಿದ ಮಾವನವರು ಅಲ್ಲಿಂದ ನೇರ ಮನೆಗೆ ಬಂದರು. ಜೇಬಿನಲ್ಲಿ ದುಡ್ಡು ಹಾಗೇ ಇತ್ತು.

ಉಳಿದವನು ಮಗರಾಯ. ಅವನು ಪೆನ್‌ಡ್ರೈವ್‌ನಿಂದಲೇ ಲಿನಕ್ಸ್‌ನದೇ ಒಂದು ಬಗೆಯಾದ ಲಿನಕ್ಸ್ ಮಿಂಟ್ ಚಾಲೂ ಮಾಡಿ ತೋರಿಸಿದ. ಹಾಕಿಸಿಕೊಳ್ಳುವ ಮುಂಚೆ ಓಡಿಸಿ ನೋಡಬಹುದು, ಕಾಸು ಕೊಡಬೇಕಿಲ್ಲ. ಮಿಂಟ್‌ನವರು ಒಂದೊಂದು ಆವೃತ್ತಿಗೂ ಹೆಣ್ಣಿನ ಹೆಸರಿಡುತ್ತಾರೆ. 2024ರಲ್ಲಿ ಬಂದ 22ಕ್ಕೆ ವಿಲ್ಮಾ, 22.2ಕ್ಕೆ ಜಾರಾ. "ತಾತ, ವಿಲ್ಮಾ ಬೇಡ, ಜಾರಾನೇ ಹಾಕ್ತೀನಿ, ಅವಳು ಇನ್ನೂ ಹೊಸಬಳು" ಎಂದು ಅವನು ಜೋರಾಗಿ ಹೇಳಿದ್ದು ದೇವರ ಮನೆಗೆ ಕೇಳಿಸಿತು. ಗಂಟೆಯ ಸದ್ದು ನಿಂತಿತು. "ಯಾರೋ ಅದು ಬಂದಿರೋದು?" ಅಂದರು ಅತ್ತೆ.

ಮಗರಾಯ ಪರದೆಯ ಗೋಡೆಗೆ ಕುದುರೆಮುಖವನ್ನೇ ಹಚ್ಚಿಕೊಟ್ಟ. ನುಡಿಯಲ್ಲಿ ಅವರಿಗೆ ರೂಢಿಯಾದ ಕಗಪ ಕೀಲಿಮಣೆ ಲಿನಕ್ಸ್‌ನಲ್ಲೂ ಇರುವುದರಿಂದ ಬೆರಳುಗಳಿಗೆ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಹಳೆಯ ಪತ್ರಗಳಿಗೆ. ಎಲ್ಲ ಕಂಪ್ಯೂಟರಿಗೂ ಸಲ್ಲುವ ಅಕ್ಷರಸಂಕೇತವಾದ ಯೂನಿಕೋಡ್‌ಗೆ ಮುಂಚಿನ ನುಡಿ ಕಡತಗಳು ಆ ಫಾಂಟ್ ಇಲ್ಲದಿದ್ದರೆ ಕನ್ನಡವಾಗಿ ಕಾಣುವುದಿಲ್ಲ. ಎರಡು ದಶಕದ ಪತ್ರಗಳು ತಲೆಗೆ ಕೊಂಬು, ಕಾಲಿಗೆ ಬಾಲ ಬಂದ ಇಂಗ್ಲಿಷ್ ಅಕ್ಷರಗಳಾಗಿ ಎದ್ದುಬಂದವು. ಮಾವನವರು ಅರ್ಧ ಗಂಟೆ ಯಾರ ಜೊತೆಗೂ ಮಾತಾಡಲಿಲ್ಲ. ಮಗರಾಯ ಫಾಂಟ್ ಹಾಕಿದ, ಕನ್ನಡದ ಹುಡುಗರು ಬರೆದಿಟ್ಟಿರುವ ಪರಿವರ್ತಕವೊಂದನ್ನು ಹುಡುಕಿ ಎಲ್ಲವನ್ನೂ ಯೂನಿಕೋಡ್‌ಗೆ ತಂದ. ಇಂಥ ಉಪಕಾರ ಮಾಡುವವರಿಗೆ ರಾಜ್ಯೋತ್ಸವದಲ್ಲಿ ಒಂದು ಹಾರವನ್ನಾದರೂ ಹಾಕಬೇಕು, ಹೋಗಲಿ.

ಮಾವನವರನ್ನು ಲಿನಕ್ಸ್‌ಗೆ ಪೂರ್ತಿ ಒಲಿಸಿದ್ದು ಮಾತ್ರ ಒಂದು ಪ್ರಶ್ನಾರ್ಥಕ ಚಿಹ್ನೆ. ಅವರ ಪತ್ರಗಳ ತಲೆಬರಹವೆಲ್ಲ ಪ್ರಶ್ನೆಗಳೇ. 'ಈ ಗುಂಡಿಗೆ ಮೋಕ್ಷ ಎಂದು?' 'ಪಾದಚಾರಿ ಮಾರ್ಗ ಯಾರಿಗೆ?' ವಿಂಡೋಸ್‌ನಲ್ಲಿ ಫೈಲಿನ ಹೆಸರಿಗೆ 9 ಚಿಹ್ನೆಗಳು ನಿಷಿದ್ಧ, ಅವುಗಳಲ್ಲಿ ಪ್ರಶ್ನಾರ್ಥಕವೂ ಒಂದು. ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದಲ್ಲಿ ಅದನ್ನು 'ಇಲ್ಲಿ ಯಾವ ಅಕ್ಷರವಾದರೂ ಇರಲಿ' ಎಂಬ ಅರ್ಥಕ್ಕೆ ಮೀಸಲಿಟ್ಟಿದ್ದರ ಫಲ. ಲಿನಕ್ಸ್‌ನಲ್ಲಿ ಆ ಕಟ್ಟಿಲ್ಲ. ಮೊದಲ ದಿನವೇ ಮಾವನವರು ಎಲ್ಲ ಕಡತಗಳಿಗೂ ಪ್ರಶ್ನೆಯನ್ನು ಮರಳಿ ದಯಪಾಲಿಸಿದರು. ಕೆಲವಕ್ಕೆ ಎರಡೆರಡು.

ಸುಖ ಗುರುವಾರದವರೆಗೆ. ಗಾಂಧಿಬಜಾರಿನ ಡಿಟಿಪಿ ಅಂಗಡಿಗೆ ಒಯ್ಯಲೆಂದು ಹೊಸ ಪತ್ರವನ್ನು ನೇರ ಪೆನ್‌ಡ್ರೈವ್‌ಗೇ ಸೇವ್ ಮಾಡಲು ಹೋದರು. ಆಗುವುದಿಲ್ಲ ಅಂದಿತು. ಪೆನ್‌ಡ್ರೈವ್ ಅಣಿಯಾಗಿದ್ದು ವಿಂಡೋಸ್‌ನ ಫ್ಯಾಟ್ ರೀತಿಯಲ್ಲಿ, ಅಲ್ಲಿ ಆ ಹಳೆಯ ನಿಷೇಧ ಹಾಗೇ ಇದೆ. ಮಗರಾಯ ಕಾಲೇಜಿನಲ್ಲಿ, ಫೋನ್ ತೆಗೆಯಲಿಲ್ಲ. ಮಾವನವರು ಪೆನ್‌ಡ್ರೈವನ್ನು ತೆಗೆದು ಹಾಕಿ, ಊದಿ, ಒರೆಸಿ, ಸಂಜೆ ಕಾರಣ ತಿಳಿದಾಗ ತೀರ್ಪು ಕೊಟ್ಟರು: "ಕಂಪ್ಯೂಟರ್ ಪರವಾಗಿಲ್ಲ. ಈ ಪೆನ್‌ಡ್ರೈವ್ ಸರ್ಕಾರದ ಕಡೆಯದು."

ನನಗೆ ಯಾವುದು ಇಷ್ಟವೆಂದು ಕೇಳುತ್ತೀರೇನೋ. ಕರಡು ಓದಲು ನಾದಿನಿಯ ಮ್ಯಾಕ್ ಪರದೆಯಷ್ಟು ಹಿತ ಇನ್ನೊಂದಿಲ್ಲ, ದೀರ್ಘ ಕೊಂಬಿನ ತಪ್ಪುಗಳು ತಾವಾಗೇ ಎದ್ದು ನಿಲ್ಲುತ್ತವೆ. ಮುದ್ರಣಾಲಯದವರು ಕಳಿಸುವ ಕಡತಗಳನ್ನು ತಕರಾರಿಲ್ಲದೆ ತೆರೆಯುವುದು ಇವರ ವಿಂಡೋಸ್. ಆದರೂ ಈಗೀಗ ಮಾವನವರ ಕುರ್ಚಿ ಖಾಲಿಯಾಗುವುದನ್ನೇ ಕಾಯುತ್ತೇನೆ. ಹತ್ತು ವರ್ಷದ ಯಂತ್ರ ಅಷ್ಟು ಚುರುಕಾಗಿ ಏಳುವುದನ್ನು ನೋಡಿದರೆ ಮನೆಯ ಉಳಿದ ಗಂಡಸರಿಗೂ ಅದನ್ನೇ ಹಾಕಿಸೋಣ ಅನ್ನಿಸುತ್ತದೆ.

ಜನವರಿಯಲ್ಲಿ ಮಗರಾಯ ಇಂಟರ್ನ್‌ಶಿಪ್‌ಗೆ ಪುಣೆಗೆ ಹೋದ. ಅಲ್ಲಿ ಕೊಟ್ಟಿರುವುದು ವಿಂಡೋಸ್ ಲ್ಯಾಪ್‌ಟಾಪ್. ನನ್ನ ಸಿದ್ಧಾಂತದ ಪ್ರಕಾರ ಮಾವನವರ ಲಿನಕ್ಸ್ ಅಂದೇ ಅನಾಥವಾಗಬೇಕಿತ್ತು. ಆದರೆ ಅವರು ಮೊಮ್ಮಗ ಮಾಡಿದ್ದನ್ನೆಲ್ಲ ಉದ್ದದ ರೂಲ್ಡ್ ನೋಟ್‌ಬುಕ್ಕಿನಲ್ಲಿ ಕ್ರಮಸಂಖ್ಯೆ ಹಾಕಿ, ಷರಾ ಸಮೇತ ಬರೆದಿಟ್ಟುಕೊಂಡಿದ್ದರು. ಕೃಷ್ಣರಾವ್ ಪಾರ್ಕಿನ ವಾಕಿಂಗ್ ಗೆಳೆಯರಿಗೆ ಸುದ್ದಿ ಮುಟ್ಟಿತು. ಅವರೆಲ್ಲರ ಮನೆಯಲ್ಲೂ ವಿಂಡೋಸ್ ಹನ್ನೊಂದಕ್ಕೆ ಪಾಸಾಗದ ಕಂಪ್ಯೂಟರುಗಳು ಟವೆಲ್ ಹೊದ್ದು ಕೂತಿದ್ದವು. ಈಗ ನಮ್ಮ ವರಾಂಡದಲ್ಲಿ ಬೆಳಗ್ಗೆ ಹತ್ತರಿಂದ ಹನ್ನೆರಡು ಆಸ್ಪತ್ರೆ ನಡೆಯುತ್ತದೆ, ಕಾಫಿ ಖರ್ಚು ನನ್ನದು. ಅವರ ಪೈಕಿ ಒಬ್ಬರ ಪ್ರಿಂಟರನ್ನೂ ಮಾವನವರು ಸರಿ ಮಾಡಿದ್ದಾರೆ. ಇಡೀ ಬಳಗದ ಇಂಜಿನಿಯರುಗಳಿಂದ ಆಗದಿದ್ದ ಕೆಲಸ.

ಮೊನ್ನೆ ಒಬ್ಬರು ಚೀಲದಿಂದ ಬೆಳ್ಳಿಬಣ್ಣದ ಲ್ಯಾಪ್‌ಟಾಪ್ ತೆಗೆದರು. ಬೆನ್ನ ಮೇಲೆ ಕಚ್ಚಿದ ಸೇಬು. ಮಗ ಕಳಿಸಿದ್ದಂತೆ. ಮಾವನವರು ಅದನ್ನು ಮುಟ್ಟಲಿಲ್ಲ. ನೋಟ್‌ಬುಕ್ ಮುಚ್ಚಿ, "ಇದು ನಮ್ಮ ಸೆಕ್ಷನ್ ಅಲ್ಲ ಸ್ವಾಮಿ. ಭಾನುವಾರ ಬನ್ನಿ, ಸರ್ಜಾಪುರದಿಂದ ಮಗಳು ಬರ್ತಾಳೆ" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ಬೆಳಗ್ಗೆ ಬರಬೇಡಿ. ಅವಳು ಒಂಬತ್ತಕ್ಕೆ ಹೊರಟರೂ ಊಟದ ಹೊತ್ತಾಗುತ್ತೆ" ಎಂದು ಸೇರಿಸಿದರು.