ಎರೆಭೂಮಿಯ ಬಿರುಕು, ಸಮುದ್ರದ ಹುಳ

ಕುಮಟಾಕ್ಕೆ ಹೋಗಿ ಬಂದಾಗಿನಿಂದ ತಲೆಯಲ್ಲಿ ಹುಳ ಹೊಕ್ಕಿದೆ. ನಿಜವಾದ ಹುಳದ ಮಾತೇ ಹೇಳುತ್ತಿದ್ದೇನೆ.

ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಿತ್ತು. ಕೆಸರಿನ ತುಂಬ ತೂತು. ಜೊತೆಗಿದ್ದ ದೋಸ್ತ ಮೂಗು ಮುಚ್ಚಿಕೊಂಡು "ಬರೇ ರಾಡಿ ಅದ ನೋಡಪಾ, ಯಾತಕ್ಕೂ ಬರಂಗಿಲ್ಲ" ಅಂದ. ಅದೇ ರಾಡಿಯಲ್ಲಿ ಕೈ ಹಾಕಿ ಅಲ್ಲಿನ ಹೆಂಗಸರು ಚಿಪ್ಪಿ ಎತ್ತುತ್ತಿದ್ದರು, ಅದು ಬೇರೆ ಮಾತು.

ನಾವು ಕಲಬುರಗಿಯವರು, ಮಣ್ಣಿನ ಭಾಷೆಯಲ್ಲೇ ಹೇಳುತ್ತೇನೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮೇಲಿನ ಮಣ್ಣು ಬಿರುಕಿಗೆ ಬೀಳುತ್ತದೆ, ಗಾಳಿ ಒಳಗೆ ಹೋಗುತ್ತದೆ, ಹಾಗಾಗಿ ಹೊಲ ಅರ್ಧ ತನ್ನನ್ನು ತಾನೇ ಹರಗಿಕೊಳ್ಳುತ್ತದೆ. ಸಮುದ್ರದ ತಳ ಒಣಗುವುದೇ ಇಲ್ಲ, ಬಿರಿಯುವುದು ಎಲ್ಲಿಂದ? ನುಣ್ಣನೆ ಕೆಸರಿನಲ್ಲಿ ಆಮ್ಲಜನಕ ಕೆಲವೇ ಮಿಲಿಮೀಟರ್ ಇಳಿಯುತ್ತದೆ. ಅದರ ಕೆಳಗೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಅಲ್ಲಿ ಬಿರುಕಿನ ಕೆಲಸ ಮಾಡುವುದು ಹುಳ, ಸಿಗಡಿ, ಏಡಿ. ಹುಳ ಬಿಲ ತೋಡಿ ಸುಮ್ನೆ ಮಲಗುವುದಿಲ್ಲ, ಮೈ ಅಲುಗಿಸಿ ಹೊಸ ನೀರು ಎಳೆದುಕೊಳ್ಳುತ್ತಲೇ ಇರುತ್ತದೆ. ಬಿಲದ ಸುತ್ತ ಕಪ್ಪು ಕೆಸರು ಕಂದು ಬಣ್ಣಕ್ಕೆ ತಿರುಗುತ್ತದೆ, ಕಬ್ಬಿಣ ತುಕ್ಕು ಹಿಡಿದ ಹಾಗೆ. ತುಕ್ಕೇ ಅದು! ಆ ಕಂದು ಅಂಚಿನಲ್ಲಿ ಒಂದು ಗುಂಪಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ, ಪಕ್ಕದ ಕಪ್ಪಿನಲ್ಲಿ ಇನ್ನೊಂದು ಗುಂಪು ಅದನ್ನು ಸಾರಜನಕ ಅನಿಲ ಮಾಡಿ ಬಿಡುತ್ತದೆ. ಹೊಲದಿಂದ ಹರಿದು ಬಂದ ಯೂರಿಯಾದ ಲೆಕ್ಕ ಒಂದಿಷ್ಟು ಅಲ್ಲೇ ಚುಕ್ತಾ.

ಇದನ್ನು ಹೇಳಿದರೆ ದೋಸ್ತ, "ಹಂಗಾದ್ರ ಟ್ರಾಲ್ ಬಲಿ ಎಳದ್ರೂ ಹೊಲ ಹರಗಿದಂಗ ಅಲ್ಲೇನಪಾ?" ಅಂದ. ಅಲ್ಲ. ಕುಂಟೆ ಹೊಡೆಯುವುದು ಬಿತ್ತುವುದಕ್ಕೆ. ತಳ ಕೆರೆಯುವ ಬಲೆ ಬಿಲವನ್ನೂ ಬಿಲದವರನ್ನೂ ಕಿತ್ತು, ರಾಡಿ ಎಬ್ಬಿಸಿ ಮುಂದೆ ಹೋಗುತ್ತದೆ. ನೀರು ಎಳೆಯುವವರೇ ಇಲ್ಲವಾದ ಮೇಲೆ ಕೆದಕಿ ಏನು ಬಂತು? ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ರಜೆ ಇದೆ. ಮೀನು ಮರಿ ಮಾಡಲಿ ಅಂತ. ಹುಳದ ಹೆಸರು ಯಾರೂ ಎತ್ತುವುದಿಲ್ಲ.

ಹುಳ ಇಲ್ಲದ ಸಮುದ್ರ ಹೇಗಿರುತ್ತದೆ ಅಂತ ನೋಡಬೇಕಾ? ಕಾಲ ಕೆಳಗೆ ನೋಡಿ. ಪ್ರಾಣಿಗಳು ಕೆಸರನ್ನು ಆಳಕ್ಕೆ ಕೊರೆಯಲು ಶುರು ಮಾಡಿದ್ದು ಸುಮಾರು 54 ಕೋಟಿ ವರ್ಷದಿಂದ ಈಚೆಗೆ. ಮನೆಯ ನೆಲಕ್ಕೆ ಫರ್ಸಿ ಅಂತ ಹಾಸುವ ನಮ್ಮ ಶಹಾಬಾದ್ ಕಲ್ಲು ಅದಕ್ಕೂ ಹಳೆಯ ಸಮುದ್ರದ ಕೆಸರು. ಕಲಸುವವರು ಇರಲಿಲ್ಲ, ಪದರದ ಮೇಲೆ ಪದರ ಹಾಗೇ ಕೂತಿತು. ಅದಕ್ಕೇ ಇವತ್ತಿಗೂ ಚಪ್ಪಟೆಯಾಗಿ ಎದ್ದು ಬರುತ್ತದೆ.

ಅವ್ವ ಫರ್ಸಿ ಒರೆಸುವಾಗ ಇದೆಲ್ಲ ಹೇಳಿದೆ. "ಹುಳ ಇರಲಿಲ್ಲ ಅಂದ್ರ ಚಲೋನೇ ಆಯ್ತಲ್ಲ, ಇಲ್ಲಂದ್ರ ಈ ಫರ್ಸಿ ಎಲ್ಲಿಂದ ಬರ್ತಿತ್ತು? ಕಾಲ ತೆಗಿ ಮೊದಲ" ಅಂದಳು.